ಲೋಟದಲ್ಲಿ ಎದ್ದ ಕೆಸರು

ಒದ್ದೆಯಾದ ಕಬ್ಬಿಣದ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ. ಕಳೆದ ಭಾನುವಾರ ಯಲಹಂಕದ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ, ಲಿಫ್ಟಿನ ಪಕ್ಕದಲ್ಲಿ, ಟೈ ಕಟ್ಟಿಕೊಂಡ ಒಬ್ಬ ಮನುಷ್ಯ ಮೇಜು ಹಾಕಿಕೊಂಡು ನಿಂತಿದ್ದ. ಮೇಜಿನ ಮೇಲೆ ನೀರು ತುಂಬಿದ ಎರಡು ಗಾಜಿನ ಲೋಟ. ಪಕ್ಕದಲ್ಲಿ ವೈರು ಸುತ್ತಿದ ಒಂದು ಪುಟ್ಟ ಪೆಟ್ಟಿಗೆ, ಅದರ ಅಡಿಯಲ್ಲಿ ಹಲ್ಲಿನ ಹಾಗೆ ಇಳಿಬಿದ್ದ ಲೋಹದ ಕಡ್ಡಿಗಳು. ಸೊಪ್ಪು, ತರಕಾರಿ, ಉಪ್ಪಿನ ಪ್ಯಾಕೆಟ್ಟು ತುಂಬಿದ ಚೀಲ ಹಿಡಿದು ಬರುತ್ತಿದ್ದ ನಾನು ಆ ಪೆಟ್ಟಿಗೆಯನ್ನು ನೋಡಿದ ಕೂಡಲೇ ಗುರುತು ಹಿಡಿದೆ. ಅವನು ಸ್ವಿಚ್ ಒತ್ತುವ ಮೊದಲೇ ವಾಸನೆ ನನ್ನ ಗಂಟಲಿಗೆ ಬಂದಿತ್ತು. ಅಬ್ಬಿಗೆರೆಯಲ್ಲಿ ಕಳೆದ ಆ ಒಂದು ಬೇಸಿಗೆ ಪೂರ್ತಿಯಾಗಿ ವಾಪಸು ಬಂತು.

ನಾವು ಗದಗಿನ ಕಡೆಯವರು. ನೀರಿನ ವಿಷಯದಲ್ಲಿ ನಾವೇನೂ ಅರಮನೆಯಿಂದ ಬಂದವರಲ್ಲ. ಸವಳು ನೀರು ಕುಡಿದೇ ಬೆಳೆದವರು. ಆದರೂ ಅಬ್ಬಿಗೆರೆಯ ಆ ಬಾಡಿಗೆ ಮನೆಯ ನಲ್ಲಿ ತಿರುಗಿಸಿದ ಮೊದಲ ದಿನ ನನಗೆ ಅನ್ನಿಸಿದ್ದು ಒಂದೇ: ಇದು ನೀರಲ್ಲ, ಸುಣ್ಣದ ತಿಳಿ. ನಮ್ಮನೆಯವರಿಗೆ, ಅಂದರೆ ನನ್ನ ಗಂಡ ಬಸವರಾಜರಿಗೆ, ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ, ಕರೆಂಟಿನಿಂದ ಲೋಹದ ಲೇಪ ಹಾಕುವ ಪ್ಲೇಟಿಂಗ್ ವಿಭಾಗದಲ್ಲಿ ಕೆಲಸ. ಕೆಲಸಕ್ಕೆ ಹತ್ತಿರ, ಗಾಳಿ ಬೆಳಕು ಚೆನ್ನಾಗಿದೆ ಎಂದು ಆ ಮನೆ ಹಿಡಿದಿದ್ದೆವು. ಗಾಳಿ ಬೆಳಕು ಚೆನ್ನಾಗಿಯೇ ಇತ್ತು. ಬಾಡಿಗೆಗೆ ಮನೆ ನೋಡುವಾಗ ಯಾರೂ ಒಂದು ಲೋಟ ನೀರು ಕೇಳಿ ಕುಡಿದು ನೋಡುವುದಿಲ್ಲ.

ಆ ನೀರು ಏನೇನು ಮಾಡುತ್ತಿತ್ತು ಅಂತ ಹೇಳಲು ಹೊರಟರೆ ಈಗಲೂ ಮೈ ಮುದುಡುತ್ತದೆ. ಸ್ಟೀಲಿನ ಪಾತ್ರೆ ತೊಳೆದು ಬೋರಲು ಹಾಕಿದರೆ ಒಣಗುವಷ್ಟರಲ್ಲಿ ಮೈತುಂಬ ಬಿಳಿ ಚುಕ್ಕೆ, ತೊನ್ನು ಬಂದವರ ಹಾಗೆ. ಕುಕ್ಕರ್ ಎಷ್ಟು ಕೂಗಿಸಿದರೂ ಬೇಳೆ ಬೇಯುತ್ತಿರಲಿಲ್ಲ. ಚಹಾದ ಮೇಲೆ ಒಂದು ಪದರ ಕಟ್ಟುತ್ತಿತ್ತು, ಕೆನೆ ಅಂದುಕೊಂಡು ಚಮಚದಲ್ಲಿ ಎತ್ತಿದರೆ ಎಣ್ಣೆಯ ಬಣ್ಣ. ಸೋಪು ನೊರೆ ಬಿಡುತ್ತಿರಲಿಲ್ಲ, ಮೈಗೆ ಅಂಟಿಕೊಂಡು ಕೂರುತ್ತಿತ್ತು. ತಲೆಕೂದಲು ತೆಂಗಿನ ನಾರು. ಗೀಸರ್ ಕೆಟ್ಟಾಗ ಬಿಚ್ಚಿದ ಮೆಕ್ಯಾನಿಕ್ಕು ಒಳಗಿನ ಕಾಯಿಲ್ಲನ್ನು ನನ್ನ ಮುಖದ ಮುಂದೆ ಹಿಡಿದ. ಬೆರಳು ಗಾತ್ರದ ಕಾಯಿಲ್ಲು ತೋಳಿನ ಗಾತ್ರ ಆಗಿತ್ತು, ಸುತ್ತಲೂ ಹುಣ್ಣಿನ ಹಕ್ಕಳೆಯಂಥ ಗಟ್ಟಿ ಬಿಳಿ ಪದರ. ಇದನ್ನೇ ದಿನಾ ಕುಡಿಯುತ್ತಿದ್ದೇವಲ್ಲ ಎಂದು ಅವತ್ತು ಊಟ ಬಿಟ್ಟೆ.

ನಮ್ಮ ಕಡೆ ಮನೆಗೆ ಯಾರೇ ಬಂದರೂ ಮೊದಲು ಒಂದು ತಂಬಿಗೆ ನೀರು, ಜೊತೆಗೆ ಒಂದು ಚೂರು ಬೆಲ್ಲ. ಆಮೇಲೆ ಮಾತು. ಅಬ್ಬಿಗೆರೆಯಲ್ಲೂ ನಾನು ಅದನ್ನು ಬಿಡಲಿಲ್ಲ. ಬಂದವರು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಒಂದು ಗುಟುಕು ನೀರು ಕುಡಿಯುತ್ತಿದ್ದರು, ಆಮೇಲೆ ತಂಬಿಗೆಯನ್ನು ಮೆಲ್ಲಗೆ ಕುರ್ಚಿಯ ಪಕ್ಕಕ್ಕೆ ಸರಿಸುತ್ತಿದ್ದರು. ಅವರು ಹೋದ ಮೇಲೆ ಆ ತುಂಬಿದ ತಂಬಿಗೆ ಎತ್ತುವಾಗ ನನಗೆ ಆಗುತ್ತಿದ್ದ ಅವಮಾನ ಅಷ್ಟಿಷ್ಟಲ್ಲ.

ಓನರ್ ಹನುಮಂತರಾಯಪ್ಪನವರಿಗೆ ಮಾತ್ರ ಆ ನೀರಿನ ಮೇಲೆ ಪ್ರಾಣ. ನಮ್ಮ ಕಟ್ಟಡ ನಿಂತ ಜಾಗ ಅವರಪ್ಪನ ರಾಗಿ ಹೊಲವಂತೆ. ಹೊಲ ಹೋಗಿ ಕಟ್ಟಡ ಎದ್ದಿತ್ತು, ಅದರಲ್ಲಿ ನಮ್ಮಂಥ ಬಾಡಿಗೆಯವರು ತುಂಬಿದ್ದರು. ಮಣ್ಣು ಅಂತ ಅವರಿಗೆ ಉಳಿದಿದ್ದು ಬೋರ್‌ವೆಲ್ ಇಳಿದ ಆ ತೂತು ಒಂದೇ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಗಂಗೆ ಪೂಜೆ ಮಾಡಿಸುತ್ತಿದ್ದರು. ಬಾಡಿಗೆಯವರೆಲ್ಲ ಕೆಳಗೆ ಬಂದು ಸೇರಬೇಕು, ಅವರ ಹೆಂಡತಿ ಜಯಮ್ಮ ತಾಮ್ರದ ಚೊಂಬಿನಿಂದ ಎಲ್ಲರ ಕೈಗೂ ಆ ನೀರು ಹಾಕಬೇಕು. ನಾನು ಅಂಗೈಯಲ್ಲಿ ಹಿಡಿದು, ಕುಡಿದವಳ ಹಾಗೆ ತುಟಿಗೆ ಮುಟ್ಟಿಸಿ, ತಲೆಗೆ ಒರೆಸಿಕೊಳ್ಳುತ್ತಿದ್ದೆ. ಒಮ್ಮೆ ಪಾತ್ರೆಯ ಬಿಳಿ ಕಲೆಯನ್ನು ತೋರಿಸಿ ದೂರಿದ್ದಕ್ಕೆ ಹನುಮಂತರಾಯಪ್ಪ ನಕ್ಕರು.

"ಅದು ಕಲೆ ಅಲ್ಲ ಕಣಮ್ಮ, ಸತ್ವ. ನೀರ್ನಾಗೆ ಸತ್ವ ಐತೆ ಅಂತ ತಾನೆ ಇಂಗೆ ಬೆಳ್ಳಗೆ ಕಟ್ಕೊಳ್ಳೋದು? ನಂಗೆ ಇಷ್ಟ್ ವಯಸ್ಸಾದ್ರೂ ಮೂಳೆ ನೋಡಿ, ಕಲ್ಲು ಕಲ್ಲು ಇದ್ದಂಗೈತೆ."

ಸತ್ವವಂತೆ! ಹಾಗಾದರೆ ಗೀಸರಿನಿಂದ ಕೆರೆದ ಆ ಹಕ್ಕಳೆಯನ್ನು ಚಟ್ನಿಪುಡಿ ಮಾಡಿ ತಿನ್ನಿ ಅನ್ನಬೇಕೆಂದು ನಾಲಿಗೆ ತುದಿಗೆ ಬಂತು. ಓನರ್ ಎಂಬ ಕಾರಣಕ್ಕೆ ನುಂಗಿಕೊಂಡೆ.

ಆ ವರ್ಷ ಬೇಸಿಗೆ ಬೇಗ ಕಾಲಿಟ್ಟಿತು. ರಸ್ತೆಯ ತುಂಬ ಟ್ಯಾಂಕರುಗಳು, ಅವು ಚೆಲ್ಲಿಕೊಂಡು ಹೋದ ನೀರಿನ ಮೇಲೆ ಧೂಳು ಕೂತು ಕೊಚ್ಚೆ. ಬೋರಿನ ನೀರು ಕಡಿಮೆಯಾದಷ್ಟೂ ಗಡಸುತನ ಹೆಚ್ಚಾಯಿತು. ನಮ್ಮನೆಯವರು ಮೊದಲೇ ನೀರು ಕುಡಿಯುವುದರಲ್ಲಿ ಹಿಂದೆ. ಪ್ಲೇಟಿಂಗ್ ವಿಭಾಗದ ಬಿಸಿಯಲ್ಲಿ ನಿಂತು ಬೆವರು ಸುರಿಸಿ ಬರುವ ಮನುಷ್ಯ ಬಾಯಾರಿದರೆ ಚಹಾ ಕುಡಿಯುತ್ತಿದ್ದರು. ಕ್ಯಾಂಟೀನಿನ ನೀರಿನ ಲೋಟಗಳಲ್ಲಿ ಯಾರದೋ ಎಲೆ ಅಡಿಕೆಯ ಬಾಯಿ ವಾಸನೆ ಅಂತ ಅಲ್ಲೂ ಕುಡಿಯುತ್ತಿರಲಿಲ್ಲ. ಹೇಸಿಗೆಯ ವಿಷಯದಲ್ಲಿ ದೇವರು ನಮ್ಮಿಬ್ಬರನ್ನೂ ಸರಿಯಾಗಿ ಜೋಡಿ ಮಾಡಿದ್ದ.

ಅಂಥ ದಿನಗಳಲ್ಲಿ ಒಂದು ಭಾನುವಾರ ಬೆಳಿಗ್ಗೆ ಆ ಪೆಟ್ಟಿಗೆ ನಮ್ಮ ಕಟ್ಟಡಕ್ಕೆ ಬಂತು. ನೀರು ಶೋಧಿಸುವ ಆರ್.ಒ. ಯಂತ್ರ ಮಾರುವವನೊಬ್ಬ ಓನರ್ ಮನೆಯ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿದ. ಒಂದು ಲೋಟಕ್ಕೆ ಬೋರ್ ನೀರು, ಇನ್ನೊಂದಕ್ಕೆ ತಾನು ತಂದ ಬಾಟಲಿಯ ಆರ್.ಒ. ನೀರು ಹಾಕಿದ. ಎರಡೂ ಕಣ್ಣಿಗೆ ಒಂದೇ ಥರ ತಿಳಿಯಾಗಿದ್ದವು.

"ನೋಡಿ ಸರ್, ಕಣ್ಣಿಗೆ ಎರಡೂ ಕ್ಲೀನು. ಈಗ ಒಳಗಡೆ ಇರೋ ಗಲೀಜನ್ನ ಹೊರಗೆ ಎಳೀತೀನಿ ನೋಡ್ತಾ ಇರಿ" ಎಂದು ಕಡ್ಡಿಗಳನ್ನು ಎರಡೂ ಲೋಟಕ್ಕೆ ಇಳಿಬಿಟ್ಟು ಸ್ವಿಚ್ ಒತ್ತಿದ.

ಬೋರ್ ನೀರಿನಲ್ಲಿ ಮೊದಲು ಸಣ್ಣ ಗುಳ್ಳೆಗಳು. ಆಮೇಲೆ ಕಡ್ಡಿಯ ಬುಡದಿಂದ ಹಳದಿ ಎಳೆಗಳು ಹೊರಟವು. ನೋಡನೋಡುತ್ತಿದ್ದಂತೆ ಅದು ಕಂದಾಯಿತು, ದಪ್ಪಗಾಯಿತು, ಮೇಲಕ್ಕೆ ಬಂದು ನೊರೆ ಕಟ್ಟಿತು. ಮೋರಿ ಕಟ್ಟಿಕೊಂಡಾಗ ಉಕ್ಕುವ ನೀರು ಹೇಗಿರುತ್ತದೋ ಹಾಗೆ. ಪಕ್ಕದ ಲೋಟ ಮಾತ್ರ ಇದ್ದ ಹಾಗೇ ಇತ್ತು. ಹಾಲಿನ ತುಂಬ ಆ ಒದ್ದೆ ಕಬ್ಬಿಣದ ವಾಸನೆ. ಯಾರೋ "ಛೀ" ಅಂದರು. ಒಬ್ಬರು ಎದ್ದು ಬಚ್ಚಲಿಗೆ ಓಡಿದರು.

"ಇದೇ ಸರ್ ನಿಮ್ಮ ಕಿಡ್ನಿಗೆ ಹೋಗ್ತಿರೋದು. ಇದೇ ಒಳಗೆ ಕೂತು ಕಲ್ಲಾಗೋದು. ಗೀಸರ್ ಕಾಯಿಲ್ ನೋಡಿರ್ತೀರಲ್ಲ ಮೇಡಂ, ಕಿಡ್ನಿಯೂ ಒಳಗೆ ಹಂಗೇ ಆಗಿರುತ್ತೆ."

ನನ್ನ ಕಣ್ಣಿಗೆ ಆ ಕಾಯಿಲ್ಲು ಬಂದು ನಿಂತಿತು. ನಮ್ಮನೆಯವರು ಕುರ್ಚಿಯಿಂದ ಅರ್ಧ ಎದ್ದರು, ಏನೋ ಹೇಳಲು ಬಾಯಿ ತೆರೆದರು, ಮತ್ತೆ ಕೂತುಬಿಟ್ಟರು. ಮುಖ ಬಿಳಿಚಿಕೊಂಡಿತ್ತು. ಹನುಮಂತರಾಯಪ್ಪ ಮಾತ್ರ ಕೆಂಡವಾದರು.

"ನನ್ ಬೋರ್ ನೀರ್ನ ಮೋರಿ ನೀರು ಅಂತೀಯೇನೋ? ಏಳೋ, ಎತ್ಕಳೋ ನಿನ್ ಪೆಟ್ಗೆನ!" ಎಂದವರೇ ಜಯಮ್ಮನ ಕೈಯಿಂದ ಬೋರ್ ನೀರಿನ ಚೊಂಬು ಕಿತ್ತುಕೊಂಡು ಎಲ್ಲರ ಮುಂದೆ ಗಟಗಟ ಕುಡಿದರು. ನೀರು ಗಡ್ಡದ ಮೇಲೆ, ಅಂಗಿಯ ಮೇಲೆ ಇಳಿಯಿತು. ಯಾರೂ ಅವರ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ಆ ಲೋಟದ ಮೇಲೇ ಇತ್ತು.

ಅವತ್ತಿನಿಂದ ಕಟ್ಟಡದಲ್ಲಿ ಒಬ್ಬರೂ ಬೋರ್ ನೀರು ಬಾಯಿಗೆ ಹಾಕಲಿಲ್ಲ. ಬಾಡಿಗೆಯವರು ಮನೆ ಬಿಡುತ್ತೇವೆ ಅಂದ ಮೇಲೆ ಓನರ್ ಅದೇ ಮನುಷ್ಯನನ್ನು ಕರೆಸಿ, ಮುಖ ಗಂಟು ಹಾಕಿಕೊಂಡೇ, ಕೆಳಗೆ ದೊಡ್ಡದೊಂದು ಯಂತ್ರ ಹಾಕಿಸಿದರು. ಅದು ಒಂದು ಪಾಲು ನೀರು ಕೊಟ್ಟು ಉಳಿದದ್ದನ್ನೆಲ್ಲ ಚರಂಡಿಗೆ ಬಿಡುತ್ತಿತ್ತು. ಆ ಗಡಸು ನೀರಿಗೆ ಸ್ವಲ್ಪ ದಿನಕ್ಕೇ ಅದರ ಗಂಟಲೂ ಕಟ್ಟಿತು. ರಿಪೇರಿಗೆ ಫೋನ್ ಮಾಡಿದರೆ "ನಾಳೆ ಬರ್ತೀವಿ ಸರ್". ಆ ನಾಳೆ ಬರಲೇ ಇಲ್ಲ. ಹೊರಗಿನಿಂದ ಕ್ಯಾನ್ ತರಿಸಿದೆವು. ಕ್ಯಾನಿನ ತಳದಲ್ಲಿ ಪಾಚಿ, ಬಾಯಲ್ಲಿ ಪ್ಲಾಸ್ಟಿಕ್ ವಾಸನೆ. ಬೇಸಿಗೆಯಲ್ಲಿ ಅದಕ್ಕೂ ಕಿತ್ತಾಟ. ಹಾಗಾಗಿ ಮನೆಯಲ್ಲಿ ನೀರು ಅಂದರೆ ಔಷಧಿಯ ಹಾಗೆ ಅಳೆದು ಕುಡಿಯುವ ವಸ್ತುವಾಯಿತು. ನಮ್ಮನೆಯವರಂತೂ ಬೆಳಿಗ್ಗೆ ಎದ್ದಾಗ ಒಂದು ಗುಟುಕು, ಊಟಕ್ಕೆ ಅರ್ಧ ಲೋಟ. ಅವರು ಬಚ್ಚಲಿಗೆ ಹೋಗಿ ಬಂದರೆ ಘಾಟು. ಎರಡು ಸಲ ನೀರು ಸುರಿದರೂ ಹೋಗದ ಕಡು ಬಣ್ಣ. ಅದಕ್ಕೂ ನಾನು ಬೋರ್ ನೀರನ್ನೇ ಬೈದೆ.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ, ಕಾರ್ಖಾನೆಯಿಂದ ಅವರನ್ನು ಇಬ್ಬರು ಹಿಡಿದುಕೊಂಡು ಬಂದರು. ಸೊಂಟದಿಂದ ತೊಡೆಯ ಸಂದಿಯವರೆಗೆ ನೋವು. ಅಂಥ ಗಟ್ಟಿ ಮನುಷ್ಯ ನೆಲದ ಮೇಲೆ ಹೊರಳುತ್ತಿದ್ದರು. ಜೊತೆಗೆ ಬಂದವರಲ್ಲಿ ಒಬ್ಬನಿಗೆ ನಗು. "ಏನಿಲ್ಲ ಅತ್ತಿಗೆ, ಸ್ಟೋನು. ಗುರು, ಎರಡು ಬಿಯರ್ ಹಾಕಿದ್ರೆ ಜಾರ್ಕೊಂಡು ಹೋಗುತ್ತೆ ಕಣೋ!" ಜಯಮ್ಮ ಬಾಳೆದಿಂಡು ಅರೆದು ರಸ ತಂದರು. ಒಗರು ರಸ, ಕುಡಿದಷ್ಟೇ ಬೇಗ ನನ್ನ ಸೀರೆಯ ಮೇಲೆ ವಾಂತಿಯಾಯಿತು. ಮೆಡಿಕಲ್ ಶಾಪಿನವನು ಚೀಟಿ ಕೇಳದೆ ನೋವಿನ ಮಾತ್ರೆ ಕೊಟ್ಟ. ನೋವು ತಗ್ಗಿತು, ನಾವು ಗೆದ್ದೆವು ಅಂದುಕೊಂಡೆವು. ಮಾರನೆಯ ದಿನ ಅವರಿಗೆ ಮೂತ್ರ ಬರುವುದೇ ನಿಂತಿತು. ಪಾದಗಳು ಊದಿಕೊಂಡವು. ಬಾಯಿಂದ ಎಂಥದೋ ಕೆಟ್ಟ ವಾಸನೆ.

ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಗೆ ಓಡಿದೆವು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಆಟೋ ನಿಂತೇ ಇತ್ತು, ಸುತ್ತ ಲಾರಿಗಳ ಹೊಗೆ, ಅವರು ನನ್ನ ಹೆಗಲ ಮೇಲೆ ತಲೆಯಿಟ್ಟು ನರಳುತ್ತಿದ್ದರು. ಸ್ಕ್ಯಾನ್ ಮಾಡಿದ ಮೇಲೆ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದರು.

"ನಿಮ್ಮ ಯಜಮಾನ್ರಿಗೆ ಒಂದು ಕಿಡ್ನಿ ಹುಟ್ಟಿನಿಂದಲೇ ಬೆಳೆದಿಲ್ಲ ಅನ್ಸುತ್ತೆ. ಹುಣಸೆಬೀಜದ ಥರ ಇದೆ. ಇಷ್ಟು ವರ್ಷ ಕೆಲಸ ಮಾಡಿರೋದು ಇನ್ನೊಂದೇ. ಈಗ ಕಲ್ಲು ಬಂದು ಕೂತಿರೋದು ಅದರ ದಾರೀಲಿ."

ಒಂದೇ ಒಂದು ಕಿಡ್ನಿ, ಅದಕ್ಕೂ ಬೀಗ. ಅದೊಂದು ಉಳಿಯದಿದ್ದರೆ ಜೀವನಪೂರ್ತಿ ಡಯಾಲಿಸಿಸ್. ಹೊರಗೆ ಕಾರಿಡಾರಿನಲ್ಲಿ ಸಾಲಾಗಿ ಕೂತಿದ್ದವರ ಬೂದಿ ಬಣ್ಣದ ಮುಖಗಳನ್ನು ಆಗತಾನೆ ನೋಡಿ ಬಂದಿದ್ದೆ. ಸಿಟ್ಟು ನೆತ್ತಿಗೇರಿತು.

"ಎಲ್ಲಾ ಆ ಬೋರ್ ನೀರಿಂದ ಡಾಕ್ಟ್ರೇ! ಸುಣ್ಣ ಕುಡಿಸಿ ಕುಡಿಸಿ ಒಳಗ ಸುಣ್ಣ ಕಟ್ಟಿಸಿದ್ರು" ಅಂದೆ.

"ಅದು ಅಷ್ಟು ಸರಳ ಅಲ್ಲಮ್ಮ" ಅಂದರು ಅವರು. "ಗಡಸು ನೀರಿನ ಸುಣ್ಣ ಹಂಗೇ ಹೋಗಿ ಕಿಡ್ನಿಯಲ್ಲಿ ಗೋಡೆ ಕಟ್ಟೋದಿಲ್ಲ. ಚೆನ್ನಾಗಿರೋ ಕಿಡ್ನಿ ಹೆಚ್ಚಿಗೆ ಬಂದಿದ್ದನ್ನ ಹೊರಗೆ ಹಾಕುತ್ತೆ. ಆದ್ರೆ ಹೊರಗೆ ಹಾಕೋಕೆ ಅದಕ್ಕೆ ನೀರೇ ಬೇಕಲ್ಲ? ನೀರು ಕಡಿಮೆಯಾದ್ರೆ ಲವಣ ಎಲ್ಲಾ ಗಟ್ಟಿಯಾಗಿ ಹರಳು ಕಟ್ಟುತ್ತೆ. ಇವರು ದಿನಕ್ಕೆ ಎಷ್ಟು ಕುಡೀತಿದ್ರು?"

ನಾನು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಬೆವರೋ ಕೆಲಸ, ಬೇಸಿಗೆ, ಇಷ್ಟೇ ನೀರು. ಮೇಲೆ ಕೇಳದೆ ನುಂಗಿದ ನೋವಿನ ಮಾತ್ರೆ. ನಿಮ್ಮ ಬೋರ್ ನೀರು ಒಳ್ಳೇದು ಅಂತ ನಾನು ಹೇಳ್ತಿಲ್ಲ. ಲ್ಯಾಬಿಗೆ ಕೊಟ್ಟು ನೋಡಿಸಿ. ಕಿಡ್ನಿ ಸೋತ ಮೇಲಂತೂ ನೀರಲ್ಲಿ ಏನಿದೆ, ಊಟದಲ್ಲಿ ಉಪ್ಪೆಷ್ಟು ಅಂತ ನೋಡ್ಲೇಬೇಕು. ಆದ್ರೆ ಇವರನ್ನ ಇಲ್ಲಿಗೆ ತಂದಿದ್ದು ಕುಡಿದ ನೀರಿಗಿಂತ ಕುಡೀದೆ ಬಿಟ್ಟ ನೀರು."

ಅವತ್ತೇ ಒಳಗೆ ಒಂದು ಸಣ್ಣ ನಳಿಗೆ ಹಾಕಿ ದಾರಿ ಬಿಡಿಸಿದರು. ಮಂಚಕ್ಕೆ ತೂಗುಹಾಕಿದ ಚೀಲಕ್ಕೆ ಮೂತ್ರ ಹನಿ ಹನಿ ಇಳಿಯತೊಡಗಿತು. ಮೊದಲು ರಕ್ತ ಬೆರೆತ ಕಂದು. ಥೇಟ್ ಆ ಲೋಟದ ಬಣ್ಣ. ಎಲ್ಲದಕ್ಕೂ ಹೇಸುವ ನಾನು ಆ ಚೀಲವನ್ನೇ ನೋಡುತ್ತ ಕೂತೆ, ಇನ್ನಷ್ಟು ಬರಲಪ್ಪಾ ಎಂದು ಬೇಡಿಕೊಳ್ಳುತ್ತ.

ಕಣ್ಣು ಬಿಟ್ಟು ಮಾತಾಡುವಷ್ಟಾದ ಮೇಲೆ ನಮ್ಮನೆಯವರು ಆ ಚೀಲದ ಕಡೆ ನೋಡಿ, "ಗೊತ್ತಿತ್ತ ನಂಗ" ಅಂದರು.

"ಏನ್ ಗೊತ್ತಿತ್ತು?"

"ಆ ಲೋಟದಾಗ ಎದ್ದದ್ದು ನೀರಿನ ಹೊಲಸಲ್ಲ. ಕಡ್ಡಿ ಕರಗಿ ಬಿಟ್ಟ ತುಕ್ಕು. ಗಡಸು ನೀರಿನಾಗ ಕರೆಂಟ್ ಚಲೋ ಹರೀತದ, ಕಬ್ಬಿಣ ಕರಗ್ತದ. ಆರ್.ಒ. ನೀರಿನಾಗ ಹರಿಯಂಗಿಲ್ಲ, ಅದಕ್ಕ ಅದು ತಿಳಿ ಉಳೀತು. ದಿನಾ ತೊಟ್ಟಿಗೆ ಲೋಹ ಇಳಿಬಿಟ್ಟು ಕರಗಿಸೋ ಮನಿಷ್ಯಾ ನಾನು. ನಂಗ ಗೊತ್ತಿರಂಗಿಲ್ಲೇನು?"

"ಮತ್ತ ಅವತ್ತ ಬಾಯಿ ಯಾಕ ಬಿಡಲಿಲ್ಲರೀ?"

"ಹೇಳಬೇಕಂತನ ಎದ್ದೆ. ಅಷ್ಟರಾಗ ಆ ಕೆಸರು ಮ್ಯಾಲ ಬಂತು ನೋಡು, ನಂಗೂ ಹೊಟ್ಟಿ ತೊಳಿಸಿಬಿಡ್ತು. ತಲಿಗೆ ಗೊತ್ತದ, ತುಕ್ಕು ಅಂತ. ಗಂಟಲಿಗೆ ಗೊತ್ತಾಗಲಿಲ್ಲ. ಆಮ್ಯಾಲೆ ಯಾವ ನೀರು ಎತ್ತಿದ್ರೂ ಅದೇ ಕಾಣ್ತಿತ್ತು."

ಆ ಪೆಟ್ಟಿಗೆಯವನನ್ನು ನೆನೆಸಿಕೊಂಡು ಮೈಯೆಲ್ಲ ಉರಿಯಿತು. ಅವನು ಮಾರಿದ್ದು ಯಂತ್ರ ಅಲ್ಲ, ಹೇಸಿಗೆ. ಯಂತ್ರ ಕೆಟ್ಟು ನಿಂತಿತು, ಹೇಸಿಗೆ ಕೆಡಲಿಲ್ಲ.

ಹನುಮಂತರಾಯಪ್ಪ ಆಸ್ಪತ್ರೆಗೆ ಬಂದವರು ಒಳಗೆ ಬರಲಿಲ್ಲ. ಬಾಗಿಲಲ್ಲೇ ಟವೆಲ್ ಹಿಂಡುತ್ತ ನಿಂತರು. ಆ ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ.

"ಮೇಡಂ, ಒಂದ್ ಮಾತು ನಿಜ ಯೋಳ್ಬುಡಿ. ನನ್ ನೀರಿಂದ ಇಂಗಾಯ್ತಾ?"

ಹೌದು ಅನ್ನಲು ನನ್ನ ನಾಲಿಗೆ ಕುಣಿಯುತ್ತಿತ್ತು. ಬಿಳಿ ಕಲೆ, ಗೀಸರ್ ಕಾಯಿಲ್ಲು, ಬೇಯದ ಬೇಳೆ, ಅತಿಥಿಗಳು ಬಿಟ್ಟು ಹೋದ ತಂಬಿಗೆ, ಎಲ್ಲದರ ಸೇಡು ಆ ಒಂದು ಮಾತಿನಲ್ಲಿ ತೀರುತ್ತಿತ್ತು. ಆದರೆ ಮಂಚದ ಮೇಲಿಂದ ನಮ್ಮನೆಯವರು ನೋಡುತ್ತಿದ್ದರು. "ಕುಡೀದೆ ಇದ್ದಿದ್ದಕ್ಕೆ ಆಯ್ತಂತೆ" ಅಂದೆ. "ಆದ್ರೂ ನಿಮ್ಮ ನೀರನ್ನ ಒಂದ್ಸಲ ಲ್ಯಾಬಿಗೆ ಕೊಡಿ. ಪೂಜೆ ಮಾಡಿದ್ರೆ ಸಾಲ್ದು."

ಅವರು ಮರುದಿನವೇ ಬಾಟಲಿ ತುಂಬಿಕೊಂಡು ಹೋದರು. ಗಡಸುತನ ಮಿತಿ ಮೀರಿದೆ, ಹಾಗೇ ಕುಡಿಯಬಾರದು, ಬೇರೆ ವಿಷ ಏನೂ ಕಂಡಿಲ್ಲ ಎಂದು ಬಂತು. ಸತ್ವದ ಮಾತು ಆಮೇಲೆ ಅವರ ಬಾಯಲ್ಲಿ ಬರಲಿಲ್ಲ. ಯಂತ್ರದವನ ಕಂಪನಿಗೆ ಹೋಗಿ ಗಲಾಟೆ ಮಾಡಿ, ರಿಪೇರಿ ಮಾಡಿಸಿಯೇ ಬಂದರು.

ಮೊದಲ ಮಳೆ ಬೀಳುವಷ್ಟರಲ್ಲಿ ನಾವು ಮನೆಗೆ ಬಂದೆವು. ಕಲ್ಲು ತೆಗೆದಿದ್ದರು, ನಳಿಗೆಯೂ ಹೋಗಿತ್ತು. ಆ ಒಂಟಿ ಕಿಡ್ನಿ ಬದುಕಿತು, ಆದರೆ ಮೊದಲಿನ ಹಾಗಾಗಲಿಲ್ಲ. ಇವತ್ತಿಗೂ ರಕ್ತದ ರಿಪೋರ್ಟಿನಲ್ಲಿ ಒಂದು ಸಾಲು ದಪ್ಪಕ್ಷರದಲ್ಲಿ ಬರುತ್ತದೆ. ಸಾಕಷ್ಟು ನೀರು, ಕಡಿಮೆ ಉಪ್ಪು, ಕೇಳದೆ ಮಾತ್ರೆ ಇಲ್ಲ ಎಂದು ಡಾಕ್ಟರಮ್ಮ ಹೇಳಿದ್ದನ್ನು ನಾನು ಮನೆಯ ಕಾನೂನು ಮಾಡಿದೆ. ಬೆಳಿಗ್ಗೆ ಊರಿನಿಂದ ತಂದ ತಂಬಿಗೆ ತುಂಬಿ ಅವರ ಮುಂದೆ ಇಟ್ಟು ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತೇನೆ. ಅವರು ಕಣ್ಣು ಮುಚ್ಚಿ, ಮುಖ ಕಿವುಚಿ, ಕುಡಿದು ಮುಗಿಸಿ, ತಂಬಿಗೆ ಬೋರಲು ಮಾಡಿ ತೋರಿಸುತ್ತಾರೆ. ಆಮೇಲೇ ನಾನು ಒಲೆಯ ಮುಂದೆ ಹೋಗುವುದು.

ಆಮೇಲೆ ನಾವು ಯಲಹಂಕಕ್ಕೆ ಮನೆ ಬದಲಿಸಿದೆವು. ಈಗ ಕಳೆದ ಭಾನುವಾರಕ್ಕೆ ಬರುತ್ತೇನೆ. ಲಿಫ್ಟಿನ ಪಕ್ಕದಲ್ಲಿ ಜನ ಸೇರಿದ್ದರು, ಲೋಟದಲ್ಲಿ ಕೆಸರು ಎದ್ದಿತ್ತು, ಅದೇ "ಛೀ", ಅದೇ ವಾಸನೆ. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡೆ. ನನ್ನ ಹಿಂದೆಯೇ ಬರುತ್ತಿದ್ದ ನಮ್ಮನೆಯವರು ನನ್ನ ಚೀಲದಿಂದ ಉಪ್ಪಿನ ಪ್ಯಾಕೆಟ್ಟು ತೆಗೆದರು, ಹಲ್ಲಿನಿಂದ ಹರಿದರು, ಒಂದು ಚಿಟಿಕೆಯನ್ನು ಆ ಶುದ್ಧ ನೀರಿನ ಲೋಟಕ್ಕೆ ಹಾಕಿದರು.

"ಈಗ ಒತ್ರಿ ಸ್ವಿಚ್ಚು" ಅಂದರು.

"ಸರ್, ಹಂಗೆಲ್ಲಾ ಮಾಡ್ಬಾರ್ದು ಸರ್..."

"ಒತ್ರಿ ಅಂದೆ."

ಶುದ್ಧ ನೀರೂ ಹಳದಿಯಾಯಿತು, ಕಂದಾಯಿತು, ಕೆಸರಾಯಿತು. ಅಬ್ಬಿಗೆರೆಯಲ್ಲಿ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ಅವರು ನಿಧಾನವಾಗಿ, ಎಲ್ಲರಿಗೂ ಕೇಳಿಸುವಂತೆ ಹೇಳಿದರು: ಉಪ್ಪು ಬಿದ್ದರೆ ಈ ನೀರಲ್ಲೂ ಕರೆಂಟ್ ಹರಿಯುತ್ತೆ, ಕೆಸರು ಬಿಟ್ಟಿದ್ದು ಕಡ್ಡಿ, ನೀರಲ್ಲ. ನಿಮ್ಮ ನೀರು ಹೆಂಗಿದೆ ಅಂತ ತಿಳೀಬೇಕಂದ್ರೆ ಲ್ಯಾಬಿಗೆ ಕೊಡಿ, ಆಟ ನೋಡಬೇಡಿ. ಜನ ತಲೆಯಾಡಿಸಿದರು. ಆದರೆ ಮೂರನೇ ಮಹಡಿಯ ಹೆಂಗಸು ಎರಡೂ ಲೋಟಗಳನ್ನು ನೋಡಿ ಮುಖ ಸಿಂಡರಿಸಿ, "ಅಯ್ಯೋ ಕರ್ಮವೇ, ಹಂಗಾದ್ರೆ ಎರಡೂ ಗಲೀಜೇ ಅನ್ನಿ!" ಎಂದು ತನ್ನ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಅಲ್ಲೇ ಗಿಡಕ್ಕೆ ಸುರಿದಳು. ನಮ್ಮನೆಯವರು ಹಣೆ ಚಚ್ಚಿಕೊಂಡರು.

ಮನೆಗೆ ಬಂದೆವು. ಚೀಲ ಇಟ್ಟು ಕೂತೆ. ಬಿಸಿಲಲ್ಲಿ ನಡೆದು ಬಂದು ನಾಲಿಗೆ ಒಣಗಿತ್ತು. ಲೋಟಕ್ಕೆ ನೀರು ಬಗ್ಗಿಸಿಕೊಂಡು ಬಾಯಿಯ ಹತ್ತಿರ ತಂದೆ. ತಿಳಿಯಾದ, ಶೋಧಿಸಿದ, ಲ್ಯಾಬಿನಲ್ಲಿ ನೋಡಿಸಿದ ನೀರು. ಎಲ್ಲವೂ ಗೊತ್ತು ನನಗೆ. ಆದರೂ ತಳದಿಂದ ಹಳದಿ ಎಳೆ ಏಳುತ್ತಿರುವ ಹಾಗೆ ಕಂಡಿತು. ಲೋಟವನ್ನು ಮೆಲ್ಲಗೆ ಕುರ್ಚಿಯ ಪಕ್ಕಕ್ಕೆ ಸರಿಸಿದೆ.

ನಮ್ಮನೆಯವರು ಅದನ್ನು ನೋಡಿಯೇ ನೋಡಿದರು. ಒಳಗೆ ಹೋಗಿ ಊರಿನ ತಂಬಿಗೆ ತುಂಬಿ ತಂದರು. ಒಂದು ಚೂರು ಬೆಲ್ಲವನ್ನೂ ತಂದು ನನ್ನ ಅಂಗೈಯಲ್ಲಿಟ್ಟರು. ಆಮೇಲೆ ಥೇಟ್ ನನ್ನ ಹಾಗೇ ಸೊಂಟಕ್ಕೆ ಕೈಯಿಟ್ಟು ಎದುರಿಗೆ ನಿಂತರು.

"ಕುಡಿ."

"ಬ್ಯಾಡ್ರೀ, ಹೇಸಿಗಿ ಬರ್ತದ."

"ಬರಲಿ. ನಂಗೂ ದಿನಾ ಬರ್ತದ. ಕುಡಿ."

ಬೆಲ್ಲ ಬಾಯಿಗೆ ಹಾಕಿಕೊಂಡೆ. ಕಣ್ಣು ಮುಚ್ಚಿದೆ. ಗಂಟಲು ಎರಡು ಸಲ ತಳ್ಳಿತು, ಮೂರನೇ ಸಲ ಬಿಟ್ಟಿತು. ಹೇಸಿಗೆ ಇಳಿಯಲಿಲ್ಲ, ನೀರು ಇಳಿಯಿತು. ತಂಬಿಗೆಯನ್ನು ಬೋರಲು ಮಾಡಿ ಅವರಿಗೆ ತೋರಿಸಿದೆ.